ಕುಲಾವಿಯ ಮೇಲಿನ ಕಿರೀಟ

ನೇಪಲ್ಸ್
1946, ಏಪ್ರಿಲ್ 9

ಪ್ರೀತಿಯ ತಮ್ಮ ಅನಿಯೆಲ್ಲೊಗೆ,

ನಿನ್ನ ಅಕ್ಕ ಕಾಂದಿದಾ ಬರೆಯುವುದು. ನಾನು ಕ್ಷೇಮ. ಅಂದರೆ ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಬಲ ತೋಳು ನೋಯುತ್ತದೆ, ಎದೆ ಒಂದೊಂದು ಸಲ ಡವಡವ ಅನ್ನುತ್ತದೆ, ಅದು ಬಿಟ್ಟರೆ ಕ್ಷೇಮ. ಚಳಿಗಾಲದಲ್ಲಿ ಒಂದು ಕಾಗದ ಬರೆದವನು ಆಮೇಲೆ ಸುದ್ದಿಯೇ ಇಲ್ಲ. ಟ್ಯೂರಿನ್ನಿನಲ್ಲಿ ಟ್ರಾಮು ಮಗುಚಿತಂತೆ ಎಂದು ಮೀನಂಗಡಿಯಲ್ಲಿ ಯಾರೋ ಹೇಳಿದರು. ಟ್ಯೂರಿನ್ನೋ ಮಿಲಾನೋ ಅವರಿಗೇ ಗೊತ್ತಿರಲಿಲ್ಲ. ನನಗೆ ಮಾತ್ರ ಊಟ ಸೇರಲಿಲ್ಲ.

ನಿನ್ನ ಆ ಕಾಗದದ ಒಂದು ಸಾಲು ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ. "ಗೋಡೆಯ ಮೇಲೆ ರಾಜಮನೆತನದ ಪಟ ತೂಗುತ್ತಿರುವವರೆಗೆ ನಾನು ನಿನ್ನ ಮನೆಯ ಮೆಟ್ಟಿಲು ಹತ್ತುವುದಿಲ್ಲ" ಎಂದು ಬರೆದಿದ್ದೆ. ಪಟದ ಸುದ್ದಿ ನಿನಗೆ ಮುಟ್ಟಿಸಿದವನು ಪಕ್ಕದ ಮನೆ ರಫಿಲಿನಾಳ ಮಗ ಸಬಾತೊ ಎಂದು ನನಗೆ ಗೊತ್ತು. ರೈಲಿನಲ್ಲಿ ಕೆಲಸ ಮಾಡುವವನು ರೈಲು ಓಡಿಸಬೇಕು, ಚಾಡಿ ಯಾಕೆ ಓಡಿಸುತ್ತಾನೆ? ಹೌದು, ಪಟ ಇದೆ. ಪತ್ರಿಕೆಯಿಂದ ಕತ್ತರಿಸಿದ್ದು. ರಾಣಿ ಮಗುವನ್ನು ಎತ್ತಿಕೊಂಡಿದ್ದಾಳೆ. ಅದರ ಮುಂದೆ ದೀಪವೂ ಇದೆ. ತೆಗೆಯಲಾರೆ ಅನಿಯೆಲ್ಲೊ. ಯಾಕೆ ಎಂದು ಕೇಳಬೇಡ.

ಇನ್ನೊಂದು ಚಿಂತೆ. ನನ್ನ ಹೆಸರಿಗೆ ವೋಟಿನ ಕಾರ್ಡು ಬಂದಿದೆ. ಹೆಂಗಸರಿಗೂ ಅಂತೆ. ರಾಜ ಇರಬೇಕೋ ಬೇಡವೋ ಎಂದು ಜೂನ್ ತಿಂಗಳಲ್ಲಿ ನಮ್ಮನ್ನೇ ಕೇಳುತ್ತಾರಂತೆ. ಕಾರ್ಡು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ರಫಿಲಿನಾ ಬಂದಳು.

"ಏನ್ ಕಾಂದಿದಾ, ಪೊಲೀಸ್ನೋರ ಕಾಗದ ಬಂದಂಗೆ ಮುಖ ಮಾಡ್ಕೊಂಡಿದ್ದೀಯ?"

"ತಪ್ಪು ಬರೆದ್ರೆ ಜೈಲಿಗೆ ಹಾಕ್ತಾರೇನೇ?"

"ಬರೆಯೋದೇನಿಲ್ಲ, ಒಂದು ಗುಣಿಸು ಗುರುತು ಹಾಕೋದು ಅಷ್ಟೆ. ನಿನ್ನ ಗಂಡಂಗೆ ಎಷ್ಟು ಸಲ ಬೇಡ ಅಂದಿದ್ದೀಯ, ಹಂಗೆ."

ಅವಳಿಗೆ ಎಲ್ಲವೂ ತಮಾಷೆ. ಅಮ್ಮ ಹೋದಾಗ ನೀನು ತೊಟ್ಟಿಲಲ್ಲಿದ್ದೆ, ನಾನು ಮೂರನೇ ತರಗತಿಯ ಪುಸ್ತಕ ಮಡಿಚಿಟ್ಟು ನಿನ್ನನ್ನು ಎತ್ತಿಕೊಂಡೆ. ಅಂದಿನಿಂದ ಇಂದಿನವರೆಗೆ ನನ್ನನ್ನು ಯಾರೂ ಯಾವುದಕ್ಕೂ ಏನನ್ನಿಸುತ್ತದೆ ಎಂದು ಕೇಳಿಲ್ಲ. ಈಗ ಕೇಳಿದರೆ ಇಷ್ಟು ದೊಡ್ಡದನ್ನೇ ಕೇಳುವುದೇ?

ಸ್ಟಾಂಪು ಸರಿಯಾಗಿ ಅಂಟಿದೆಯೋ ಇಲ್ಲವೋ. ಮೂರು ಸಲ ಒತ್ತಿದ್ದೇನೆ.

ನಿನ್ನ ಅಕ್ಕ
ಕಾಂದಿದಾ


ಟ್ಯೂರಿನ್
1946, ಏಪ್ರಿಲ್ 27

ಅಕ್ಕ,

ಟ್ರಾಮು ಮಗುಚಿಲ್ಲ. ನಾನು ನಡೆದೇ ಕಾರ್ಖಾನೆಗೆ ಹೋಗುತ್ತೇನೆ. ಇನ್ನು ನಡೆಯುವವರ ಮೇಲೆ ಏನು ಬೀಳುತ್ತದೆ ಎಂದು ಚಿಂತೆ ಶುರು ಮಾಡಬೇಡ.

ನಿನ್ನ ಮೇಲೆ ಕೋಪವಿಲ್ಲ. ಆದರೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆ. 1943ರಲ್ಲಿ ನಮ್ಮವರು ಶರಣಾದರೆಂದು ರೇಡಿಯೋ ಸಾರಿದ ಆ ಸೆಪ್ಟೆಂಬರ್ ಎಂಟರ ಮರುದಿನ ಬೆಳಿಗ್ಗೆ ನಮ್ಮ ಬ್ಯಾರಕ್ಕಿನಲ್ಲಿ ಎದ್ದು ನೋಡಿದರೆ ಕರ್ನಲ್ ಇಲ್ಲ, ಕ್ಯಾಪ್ಟನ್ ಇಲ್ಲ, ಅಡುಗೆಯವನೊಬ್ಬ ದೊಡ್ಡ ಪಾತ್ರೆಯಲ್ಲಿ ಕಾಫಿ ಕಲಕುತ್ತ ಅಳುತ್ತಿದ್ದ. ರಾಜ ಕಾರು ಹತ್ತಿ ಹೋದನಂತೆ. ನಮಗೆ ಒಂದು ಅಪ್ಪಣೆಯನ್ನೂ ಬಿಟ್ಟು ಹೋಗಿರಲಿಲ್ಲ, ಓಡಿ ಎಂಬ ಅಪ್ಪಣೆಯನ್ನೂ ಕೂಡ. ಜರ್ಮನ್ನರು ಗೇಟಿಗೆ ಬಂದಾಗ ಗೆಳೆಯ ರೆಮೊ ಮತ್ತು ನಾನು ಹಿಂದಿನ ಗೋಡೆ ಹಾರಿ, ಬೆಟ್ಟದಲ್ಲಿ ಅವರ ವಿರುದ್ಧ ಹೋರಾಡುವವರನ್ನು ಸೇರಿದೆವು. ಬೆಟ್ಟದಿಂದ ಇಳಿದವನು ನಾನೊಬ್ಬನೇ. ರೆಮೊನ ತಾಯಿಯನ್ನು ಪ್ರತಿ ಭಾನುವಾರ ನೋಡಲು ಹೋಗುತ್ತೇನೆ. ಅಲ್ಲಿಂದ ಬಂದು ನಿನ್ನ ಗೋಡೆಯ ಮೇಲೆ ದೀಪ ಉರಿಯುವುದನ್ನು ನೆನೆಸಿಕೊಂಡರೆ ಊಟದ ತಟ್ಟೆ ಸರಿಸಿ ಎದ್ದುಬಿಡುತ್ತೇನೆ.

ರಾಜ ಒಳ್ಳೆಯವನೋ ಕೆಟ್ಟವನೋ ಎನ್ನುವುದಲ್ಲ ಅಕ್ಕ. ಕೆಟ್ಟವನು ಬಂದರೆ ಅವನನ್ನು ಮನೆಗೆ ಕಳಿಸುವ ದಾರಿ ನಮ್ಮ ಕೈಯಲ್ಲಿ ಇದೆಯೋ ಇಲ್ಲವೋ ಎನ್ನುವುದು. ಇಷ್ಟು ಸಾಕು. ಇನ್ನು ಉಪದೇಶ ಮಾಡುವುದಿಲ್ಲ. ನೀನು ಯಾರಿಗೆ ಹಾಕಬೇಕೆಂದು ನಾನು ಹೇಳುವುದೂ ಇಲ್ಲ. ಜೀವಮಾನದಲ್ಲಿ ಮೊದಲ ಸಲ ನಿನ್ನನ್ನು ಕೇಳುತ್ತಿದ್ದಾರೆ, ಅಲ್ಲೂ ಗಂಡಸೊಬ್ಬ ಕಿವಿಯಲ್ಲಿ ಊದುವುದು ಬೇಡ.

ನಿನ್ನ ನಾದಿನಿ ದೆಲ್ಫೀನಾ ಕ್ಷೇಮವಾಗಿದ್ದಾಳೆ, ನಮಸ್ಕಾರ ಹೇಳಿದ್ದಾಳೆ. ಮತ್ತೆ, ಒಂದು ಮಾತು. ಹಸುಗೂಸಿಗೆ ಹೊಟ್ಟೆ ಉಬ್ಬರಿಸಿದರೆ ನೀನು ಲುಯಿಜೆಲ್ಲಾಗೆ ಏನು ಕೊಡುತ್ತಿದ್ದೆ? ಕಾರ್ಖಾನೆಯ ಗೆಳೆಯನೊಬ್ಬ ಕೇಳುತ್ತಿದ್ದ.

ನಿನ್ನ
ಅನಿಯೆಲ್ಲೊ


ನೇಪಲ್ಸ್
1946, ಮೇ 12

ಕಳ್ಳ ತಮ್ಮನಿಗೆ,

ಯಾವ ಗೆಳೆಯನೋ ಅವನು? ಸೋಂಪಿನ ನೀರು ಕೊಡಬೇಕು ಎಂದು ಆ ಗೆಳೆಯನಿಗೆ ಹೇಳು. ಅವನ ಹೆಂಡತಿಗೆ ಎಷ್ಟು ತಿಂಗಳು ಎಂದು ಬರೆಯಲು ಹೇಳು. ಅವಳು ಭಾರ ಎತ್ತಬಾರದು, ತಣ್ಣನೆ ಕಲ್ಲಿನ ಮೇಲೆ ಕೂರಬಾರದು, ಆಸೆಪಟ್ಟದ್ದನ್ನು ತಿನ್ನದೆ ಮೈ ಮುಟ್ಟಿಕೊಳ್ಳಬಾರದು, ಮುಟ್ಟಿಕೊಂಡಲ್ಲಿ ಮಗುವಿಗೆ ಮಚ್ಚೆ ಬರುತ್ತದೆ.

ನೀನು ಯಾಕೆ ಬಚ್ಚಿಟ್ಟೆ ಎಂದು ಗೊತ್ತು. ಮಗಳು ಲುಯಿಜೆಲ್ಲಾಳನ್ನು ಕಳೆದುಕೊಂಡವಳ ಮುಂದೆ ಇನ್ನೊಂದು ಮಗುವಿನ ಮಾತು ಹೇಗೆ ಎತ್ತುವುದು ಎಂದು. ನಾನು ದಡ್ಡಿ, ನೀನು ಸುಮ್ಮನಿದ್ದದ್ದು ರಾಜನ ಮೇಲಿನ ಸಿಟ್ಟಿಗೆ ಎಂದುಕೊಂಡು ಚಳಿಗಾಲವೆಲ್ಲ ಸವೆದೆ. ನಿನ್ನ ಕಾಗದ ಓದಿ ಅತ್ತೆ, ನಿಜ. ಆಮೇಲೆ ಹೋಗಿ ಪೆಟ್ಟಿಗೆ ತೆಗೆದೆ.

ನಿನಗೆ ನೆನಪಿದೆಯೋ ಇಲ್ಲವೋ. ಲುಯಿಜೆಲ್ಲಾ ಹುಟ್ಟಿದ ದಿನವೇ ಇಲ್ಲಿನ ಅರಮನೆಯಲ್ಲಿ ರಾಜಕುಮಾರಿ ಹುಟ್ಟಿದಳು. ಆ ದಿನ ಊರಿನಲ್ಲಿ ಹುಟ್ಟಿದ ಬಡವರ ಮಕ್ಕಳಿಗೆಲ್ಲ ಅರಮನೆಯಿಂದ ಬಟ್ಟೆಯ ಗಂಟು ಬಂತು. ಅಂಗಿ, ಸುತ್ತುಬಟ್ಟೆ, ಹೊದಿಕೆ, ಕುಲಾವಿ. ಒಂದೊಂದರ ಮೂಲೆಯಲ್ಲೂ ನೀಲಿ ದಾರದಲ್ಲಿ ಒಂದು ಪುಟ್ಟ ಕಿರೀಟ. ಯುದ್ಧದಲ್ಲಿ ಹಾಸಿಗೆಯ ಬಟ್ಟೆ ಮಾರಿದೆ, ತೀರಿಹೋದ ನಿನ್ನ ಭಾವನ ಕೋಟು ಮಾರಿದೆ, ಇದನ್ನು ಮಾರಲಿಲ್ಲ. ಎಲ್ಲ ತೊಳೆದು, ಗಂಜಿ ಹಾಕದೆ ಇಸ್ತ್ರಿ ಮಾಡಿದ್ದೇನೆ, ಮಗುವಿನ ಚರ್ಮಕ್ಕೆ ಗಂಜಿ ಒರಟು. ನಿನ್ನ ಮಗುವಿಗೆ ಕಳಿಸಲೇ? ಕಿರೀಟ ಇದೆ ಎಂದು ಬೇಡ ಅನ್ನುತ್ತೀಯೇನೋ ಎಂದು ಕೇಳುತ್ತಿದ್ದೇನೆ. ಅಂಗುಷ್ಠದ ಉಗುರಿಗಿಂತ ಚಿಕ್ಕದು.

ನಿನ್ನ ವಾದಕ್ಕೆ ನನ್ನದೊಂದು ಪ್ರಶ್ನೆ. ರಾಜ ಎದ್ದು ಹೋದರೆ ಆ ಕುರ್ಚಿ ಖಾಲಿಯಾಗುತ್ತದಲ್ಲ? ಖಾಲಿ ಕುರ್ಚಿ ಕಂಡರೆ ಎಲ್ಲರಿಗೂ ಕೂರುವ ಆಸೆ. ಕರಿ ಅಂಗಿಯ ಆ ಸರ್ವಾಧಿಕಾರಿ ಇಪ್ಪತ್ತು ವರ್ಷ ಕೂತದ್ದು ಸಾಲದೇ? ಇದನ್ನು ರಫಿಲಿನಾಗೆ ಹೇಳಿದೆ. ಸಬಾತೊ ಪಕ್ಕದಲ್ಲೇ ಗಡ್ಡ ಹೆರೆದುಕೊಳ್ಳುತ್ತಿದ್ದ.

"ಅವಂಗೆ ಕುರ್ಚಿ ಎಳೆದು ಕೊಟ್ಟೋರು ಯಾರು ದೊನ್ನಾ ಕಾಂದಿದಾ? ರಾಜರೇ ಅಲ್ವಾ?" ಅಂದ.

"ನೀನು ಸುಮ್ನೆ ಹೆರ್ಕೊ, ಕೆನ್ನೆ ಕುಯ್ಕೊಂಡೀಯ" ಎಂದಳು ಅವನ ತಾಯಿ.

ಬಟ್ಟೆಯ ವಿಷಯ ಬೇಗ ಬರೆ.

ಅಕ್ಕ


ಟ್ಯೂರಿನ್
1946, ಮೇ 24

ಅಕ್ಕ,

ಜುಲೈ ನಡುವಿಗೆ ಎಂದು ಸೂಲಗಿತ್ತಿ ಹೇಳಿದ್ದಾಳೆ. ಸೋಂಪು ತಂದಿಟ್ಟಿದ್ದೇವೆ.

ಬಟ್ಟೆಯ ವಿಷಯ. ದೆಲ್ಫೀನಾಳ ತಾಯಿ ಬೇಕಾದಷ್ಟು ಹೆಣೆದಿದ್ದಾರೆ. ಇಟ್ಟುಕೊಳ್ಳಲು ಜಾಗವೂ ಇಲ್ಲ. ನೀನು ಅದನ್ನು ಅಲ್ಲೇ ಇಟ್ಟುಕೋ, ನಿನಗೆ ನೆನಪಿಗಿರಲಿ.

ಈ ಮೇಲಿನದನ್ನು ಬರೆದು ಮಡಿಚಿ ಮತ್ತೆ ಬಿಚ್ಚಿದೆ. ನಿನ್ನ ಹತ್ತಿರ ಸುಳ್ಳು ಯಾಕೆ? ಜಾಗ ಇದೆ. ನನ್ನ ಮಗುವಿನ ಮೈಮೇಲೆ ಆ ಗುರುತು ನೋಡಲು ನನ್ನಿಂದ ಆಗುವುದಿಲ್ಲ. ಹೆರಿಗೆಯಾದ ಮೇಲೆ ರೆಮೊನ ತಾಯಿ ಮಗು ನೋಡಲು ಬರುತ್ತಾರೆ. ಅವರು ಎತ್ತಿಕೊಂಡಾಗ ಮೂಲೆಯಲ್ಲಿ ಅದು ಕಂಡರೆ? ಉಗುರಿಗಿಂತ ಚಿಕ್ಕದು ಎಂದೆ. ರೆಮೊನಿಗೆ ತಗುಲಿದ ಗುಂಡೂ ಅಷ್ಟೇ ಇತ್ತು.

ಬೇಸರ ಮಾಡಿಕೊಳ್ಳಬೇಡ. ಬೇಸರ ಮಾಡಿಕೊಳ್ಳುತ್ತೀಯ ಎಂದು ಗೊತ್ತು.

ಅನಿಯೆಲ್ಲೊ


ನೇಪಲ್ಸ್
1946, ಜೂನ್ 4

ಅನಿಯೆಲ್ಲೊ,

ವೋಟು ಹಾಕಿ ಬಂದೆ.

ಭಾನುವಾರ ಪೂಜೆ ಮುಗಿಸಿ ನಾನು, ರಫಿಲಿನಾ ಹೋದೆವು. ಚೀಟಿಯ ಅಂಚನ್ನು ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸಬೇಕು, ತುಟಿಯ ಬಣ್ಣ ತಾಗಿದರೆ ವೋಟು ಹಾಳು ಎಂದು ಮೊದಲೇ ಎಲ್ಲರಿಗೂ ಹೇಳಿದ್ದರು. ನಾನು ಬಣ್ಣ ಹಚ್ಚಿ ಎಷ್ಟು ಕಾಲವಾಯಿತು, ಆದರೂ ಹೊರಡುವ ಮುಂಚೆ ತುಟಿ ತಿಕ್ಕಿ ತಿಕ್ಕಿ ತೊಳೆದೆ. ಸಾಲಿನಲ್ಲಿ ಎಲ್ಲ ಹೆಂಗಸರೂ ಕಾಯಿಲೆಯಿಂದ ಎದ್ದವರ ಹಾಗೆ ಬಿಳಿಚಿಕೊಂಡಿದ್ದರು. ರಫಿಲಿನಾ ಮಾತ್ರ "ಯಾರಾದ್ರೂ ಸತ್ತಿದಾರೇನ್ರೇ, ಇಲ್ಲಾ ಇನ್ನು ಸಾಯ್ಬೇಕಾ?" ಎಂದು ನಗಿಸುತ್ತಿದ್ದಳು.

ಒಳಗೆ ಒಂದು ಮರೆ, ಒಂದು ಪೆನ್ಸಿಲ್. ಚೀಟಿಯಲ್ಲಿ ಎರಡು ಚಿತ್ರ. ಪಾದ್ರಿಗಳು ಕಿರೀಟ ಇರುವುದಕ್ಕೆ ಹಾಕಿ ಎಂದಿದ್ದರು, ನೀನು ಏನೂ ಹೇಳಿರಲಿಲ್ಲ. ಒಂದು ಕಡೆ ಗುರಾಣಿ, ಮೇಲೆ ಏನೋ ಚಿಕ್ಕದಾಗಿ ಕೂತಿತ್ತು. ಗುರಾಣಿ ಅಂದರೆ ಸಿಪಾಯಿಗಳದ್ದು, ಬಹುಶಃ ನಿಮ್ಮ ಬೆಟ್ಟದ ಕಡೆಯವರದ್ದು ಅಂದುಕೊಂಡೆ. ಇನ್ನೊಂದು ಕಡೆ ಹೆಣ್ಣಿನ ತಲೆ. ಅಕ್ಕಪಕ್ಕ ಎಲೆಗಳು, ತಲೆಯ ಮೇಲೆ ಕೋಟೆಯ ಗೋಡೆಯಂಥ ದೊಡ್ಡ ಕಿರೀಟ. ರಾಣಿಯನ್ನು ನೋಡಿ ನಮಸ್ಕಾರ ಮಾಡಬೇಕು ಅನ್ನಿಸಿತು. ಮುಖ ಸ್ವಲ್ಪ ಬಿಗಿದುಕೊಂಡಿತ್ತು. ಯಾರದ್ದು ಬಿಗಿಯುವುದಿಲ್ಲ, ಈ ಯುದ್ಧ ಕಂಡ ಮೇಲೆ? ಅವಳ ಪಕ್ಕದಲ್ಲೇ ಗುರುತು ಹಾಕಿದೆ. ಪೆನ್ಸಿಲ್ ಒತ್ತಿದ್ದು ಸಾಲದೇನೋ ಎಂದು ಮೇಲೊಂದು ಸಲ ತಿದ್ದಿದೆ. ಹಾಗೆ ತಿದ್ದಬಾರದಿತ್ತೇನೋ.

ನಿನಗೆ ವಿರುದ್ಧವಾಗಿ ಹಾಕಿದೆ ಅನಿಯೆಲ್ಲೊ. ಈಗ ಯಾಕೆ ಎಂದು ಹೇಳಿಬಿಡುತ್ತೇನೆ, ಆಮೇಲೆ ನೀನು ಮೆಟ್ಟಿಲು ಹತ್ತುವುದು ಬಿಡುವುದು ನಿನಗೆ ಬಿಟ್ಟದ್ದು.

ಲುಯಿಜೆಲ್ಲಾಳ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ. ಚರ್ಚಿನಲ್ಲಿ ಮೊದಲ ಪ್ರಸಾದ ತೆಗೆದುಕೊಳ್ಳುವ ದಿನ ಬಿಳಿ ಬಟ್ಟೆ ಉಡಿಸಿ ತೆಗೆಸೋಣ ಎಂದುಕೊಂಡಿದ್ದೆವು. ಬಾಂಬು ಬಿತ್ತು, ಸ್ಟುಡಿಯೋ ಹೋಯಿತು, ಆಮೇಲೆ ಜ್ವರ ಬಂತು, ಅವಳೂ ಹೋದಳು. ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳ ಮುಖ ನೆನೆಸಿಕೊಳ್ಳಲು ಹೋದರೆ ಮೂಗು ನೆನಪಾಗುತ್ತಿಲ್ಲ. ಹುಚ್ಚು ಹಿಡಿದ ಹಾಗಾಯಿತು. ಆಗ ಪೆಟ್ಟಿಗೆಯ ತಳದಲ್ಲಿ ಆ ಹಳೆಯ ಪತ್ರಿಕೆ ಸಿಕ್ಕಿತು. ರಾಣಿಯ ಕೈಯಲ್ಲಿ ಮಗು, ಅದೇ ದಿನ ಹುಟ್ಟಿದ್ದು, ಅಂಥದ್ದೇ ಕುಲಾವಿ, ಕುಲಾವಿಯ ಒಳಗೆ ಎಲ್ಲ ಮಕ್ಕಳ ಹಾಗಿನ ಒಂದು ಮುಖ. ಅದನ್ನೇ ಕತ್ತರಿಸಿ ಗೋಡೆಗೆ ಹಾಕಿದೆ. ದೀಪ ರಾಣಿಗಲ್ಲವೋ ಮಂಕೇ. ನೀನು ಹೆಗಲ ಮೇಲೆ ಹೊತ್ತು ಬಂದರಿಗೆ ಕರೆದುಕೊಂಡು ಹೋಗುತ್ತಿದ್ದೆಯಲ್ಲ, ಅವಳಿಗೆ.

ಆದ್ದರಿಂದ ಆ ಹೆಂಗಸಿಗೆ ವೋಟು ಹಾಕಿದೆ. ನನ್ನ ಮಗುವನ್ನು ಎತ್ತಿಕೊಂಡಿದ್ದಾಳೆ, ಅವಳನ್ನು ಹೇಗೆ ಬೇಡ ಅನ್ನಲಿ?

ಬಟ್ಟೆ ಕಳಿಸಿಯೇ ಕಳಿಸುತ್ತೇನೆ. ಕಿರೀಟ ಬೇಡ ಅಂದೆಯಲ್ಲ, ನಿನ್ನೆಯಿಂದ ಸೂಜಿಯಲ್ಲಿ ಒಂದೊಂದೇ ಎಳೆ ಬಿಡಿಸುತ್ತಿದ್ದೇನೆ. ರೆಮೊನ ತಾಯಿಗೆ ಏನೂ ಕಾಣುವುದಿಲ್ಲ.

ಅಕ್ಕ


ಟ್ಯೂರಿನ್
1946, ಜೂನ್ 12

ಅಕ್ಕ, ಬಿಡಿಸಬೇಡ. ಸೂಜಿ ಕೆಳಗಿಡು.

ನಿನ್ನ ಕಾಗದ ಇವತ್ತು ಬಂತು. ದೆಲ್ಫೀನಾ ಗಟ್ಟಿಯಾಗಿ ಓದಿದಳು, ನಡುವೆ ಅವಳಿಗೆ ಆಗಲಿಲ್ಲ, ನಾನು ತೆಗೆದುಕೊಂಡೆ, ನನಗೂ ಆಗಲಿಲ್ಲ. ನಾನೆಂಥ ಕತ್ತೆ. ಒಂದು ಸಲವಾದರೂ "ಯಾರಿಗೆ ಅಕ್ಕ ಆ ದೀಪ?" ಎಂದು ಕೇಳಬಹುದಿತ್ತು. ಗಣರಾಜ್ಯ ಬೇಕು, ಎಲ್ಲರನ್ನೂ ಕೇಳಬೇಕು ಎಂದು ಬೀದಿಯಲ್ಲಿ ಕೂಗಿದವನು ನಾನು, ನನ್ನ ಅಕ್ಕನನ್ನೇ ಕೇಳಲಿಲ್ಲ.

ಪಟ ಅಲ್ಲೇ ಇರಲಿ. ಬಟ್ಟೆಯನ್ನು ಇದ್ದ ಹಾಗೇ ಕಳಿಸು, ಕಿರೀಟದ ಸಮೇತ. ರೆಮೊನ ತಾಯಿಗೆ ನಾನು ಹೇಳುತ್ತೇನೆ. ಮಗನ ಒಂದು ಬೂಟನ್ನು ದಿಂಬಿನ ಪಕ್ಕ ಇಟ್ಟುಕೊಂಡಿರುವ ಹೆಂಗಸು ಅವರು, ಅವರಿಗೆ ಅರ್ಥವಾಗುತ್ತದೆ.

ಫಲಿತಾಂಶ ನಿನಗೂ ಗೊತ್ತಾಗಿರಬೇಕು. ರಾಜನ ಕಡೆ ಸೋತಿದೆ. ನಿನ್ನ ವೋಟಿನ ಬಗ್ಗೆ ಚಿಂತೆ ಮಾಡಬೇಡ. ನೀನು ಹಾಕಬೇಕಾದ ಹೆಂಗಸಿಗೇ ಹಾಕಿದ್ದೀಯ. ಎರಡು ಸಲ ತಿದ್ದಿದ್ದೂ ಒಳ್ಳೆಯದೇ ಆಯಿತು.

ನಿಮ್ಮೂರಿನಲ್ಲಿ ಗುಂಡು ಹಾರಿದೆ, ಜನ ಸತ್ತಿದ್ದಾರೆ ಎಂದು ರೇಡಿಯೋ ಹೇಳುತ್ತಿದೆ. ಒಂದು ಸಾಲು ಬರೆ. ನಿನ್ನ ಚಿಂತೆಯ ಕಾಯಿಲೆ ನನಗೂ ಅಂಟಿದೆ.

ಅನಿಯೆಲ್ಲೊ


ನೇಪಲ್ಸ್
1946, ಜೂನ್ 21

ಅನಿಯೆಲ್ಲೊ,

ಬದುಕಿದ್ದೇನೆ. ಗದ್ದಲದ ದಿನ ಬಾಗಿಲಿಗೆ ಅಗುಳಿ ಹಾಕಿ, ಹಿಂದೆ ಇಸ್ತ್ರಿಮೇಜು ಒತ್ತಿ, ಅದರ ಹಿಂದೆ ನಾನು ಮತ್ತು ರಫಿಲಿನಾ ಕೂತಿದ್ದೆವು. ನಮ್ಮ ಓಣಿಯ ಯಾರಿಗೂ ಏನೂ ಆಗಿಲ್ಲ.

ಈಗ ನಿನ್ನ ವಿಚಾರಣೆ. ನಿನ್ನ ಕಾಗದ ಓದಿದಾಗಲೇ ನನಗೆ ಗುಮಾನಿ ಬಂತು. ಹುಟ್ಟಿದಂದಿನಿಂದ ನೀನು ನನ್ನ ಒಂದು ಕೆಲಸವನ್ನಾದರೂ ಜಗಳವಿಲ್ಲದೆ ಸರಿ ಎಂದಿದ್ದುಂಟೇ? ಇವನಿಗೆ ಜ್ವರ ಬಂದಿರಬೇಕು, ಇಲ್ಲವೇ ಕಾರ್ಖಾನೆಯಲ್ಲಿ ಕೈ ಸಿಕ್ಕಿಸಿಕೊಂಡು ನನ್ನಿಂದ ಬಚ್ಚಿಡುತ್ತಿದ್ದಾನೆ ಎಂದುಕೊಂಡೆ. ಸಬಾತೊನನ್ನು ಕರೆದು "ನಿಜ ಹೇಳಪ್ಪ, ಅವನಿಗೆ ಎರಡೂ ಕೈ ಇದಾವಾ?" ಎಂದು ಕೇಳಿದೆ. ಅವನು ನಗುತ್ತ ಹೊರಟವನು, ಬಾವಿಕಟ್ಟೆಯ ಗೋಡೆಯ ಮೇಲೆ ಅರ್ಧ ಹರಿದ ಭಿತ್ತಿಪತ್ರದ ಮುಂದೆ ನಿಂತ. ಅದರಲ್ಲಿ ಅವಳಿದ್ದಳು, ಕೋಟೆಯ ಕಿರೀಟದವಳು.

"ಗೆದ್ದೋಳು ಇವಳೇ ನೋಡಿ ದೊನ್ನಾ ಕಾಂದಿದಾ."

"ಗೆದ್ಲಾ? ಮತ್ತೆ ರಾಣಿ ಸೋತ್ಲು ಅಂದ್ರು?"

"ಇವಳು ರಾಣಿ ಅಲ್ಲ. ರಾಜಂದು ಆ ಗುರಾಣಿ. ಇವಳು ಗಣರಾಜ್ಯ."

ನಾನು ಅಲ್ಲೇ ಕೂತೆ. ನಿನಗೆ ಗೊತ್ತಿತ್ತು. ಗೊತ್ತಿದ್ದೂ "ಹಾಕಬೇಕಾದ ಹೆಂಗಸಿಗೇ" ಎಂದು ಬರೆದೆ. ಸುಳ್ಳನ್ನೂ ಹೇಳದೆ ನಿಜವನ್ನೂ ಹೇಳದೆ ತಪ್ಪಿಸಿಕೊಳ್ಳುವುದು ನೀನು ಸಕ್ಕರೆ ಕದಿಯುತ್ತಿದ್ದಾಗಿನಿಂದ ಕಲಿತದ್ದು.

ಆ ದಿನ ಊಟ ಮಾಡಲಿಲ್ಲ. ನನ್ನ ಪಟದ ರಾಣಿ ಮಕ್ಕಳನ್ನು ಕಟ್ಟಿಕೊಂಡು ನಮ್ಮ ಬಂದರಿನಿಂದಲೇ ಹಡಗು ಹತ್ತಿದ್ದಾಳೆ. ನನ್ನ ಪೆನ್ಸಿಲಿನಿಂದಲೇ ಹೋದಳು ಅನ್ನಿಸಿತು. ಸಬಾತೊ ದೂರದಿಂದ ನೋಡಿದನಂತೆ. ನಾನು ಅವನನ್ನು ಕೇಳಿದ್ದು ಒಂದೇ, ದೊಡ್ಡ ಹುಡುಗಿ ಎಷ್ಟು ಎತ್ತರ ಆಗಿದ್ದಾಳೆ ಎಂದು. "ತಾಯಿಯ ಭುಜಕ್ಕೆ ಬರ್ತಾಳೆ" ಅಂದ. ಮನೆಗೆ ಬಂದು ನನ್ನ ಭುಜದ ಹತ್ತಿರ ಕೈ ಹಿಡಿದು ನೋಡಿಕೊಂಡೆ. ಲುಯಿಜೆಲ್ಲಾ ಈಗ ಇಷ್ಟಿರುತ್ತಿದ್ದಳು. ಬಹಳ ಹೊತ್ತು ಕೈ ಕೆಳಗಿಳಿಸಲಿಲ್ಲ.

ಆಮೇಲೆ ರಫಿಲಿನಾ ಬಂದಳು. ರಾಜ ಹೋದ ಎಂದು ಅತ್ತು ಕಣ್ಣು ಊದಿಸಿಕೊಂಡಿದ್ದಳು. ಅವಳನ್ನು ನೋಡುತ್ತ ಒಂದು ವಿಷಯ ನೆನಪಾಯಿತು, ಇಷ್ಟು ವರ್ಷ ಯಾಕೆ ನೆನಪಾಗಲಿಲ್ಲವೋ. ಅವಳ ಮಗಳು ನುಂತ್ಸಿಯಾ ಹುಟ್ಟಿದ್ದು ಲುಯಿಜೆಲ್ಲಾ ಹುಟ್ಟಿದ ಮರುದಿನ. ಅವಳಿಗೆ ಗಂಟು ಬರಲಿಲ್ಲ. ಹಿಟ್ಟಿನ ಚೀಲ ಹರಿದು ಸುತ್ತಿದ್ದರು, ಮಗುವಿನ ಬೆನ್ನೆಲ್ಲ ಕೆಂಪಗಾಗಿತ್ತು.

"ನಿಂಗೆ ಆಗ ಹೊಟ್ಟೆ ಉರೀಲಿಲ್ವೇನೇ?" ಎಂದು ಕೇಳಿದೆ.

"ಉರಿದು ಏನ್ ಮಾಡ್ಲಿ? ಒಂದು ದಿನ ತಡೆದು ಹೆತ್ತೋಳು ನಾನು, ತಪ್ಪು ನಂದೇ ಅಲ್ವಾ" ಎಂದು ಮೂಗು ಒರೆಸಿಕೊಂಡಳು.

ತಮಾಷೆಗೇ ಅಂದದ್ದು, ಆದರೆ ನನಗೆ ನಗು ಬರಲಿಲ್ಲ. ಕೊಟ್ಟ ಕೈಯನ್ನು ನಾನು ಬೈಯಲಾರೆ ಅನಿಯೆಲ್ಲೊ, ಅದರ ಬೆಚ್ಚಗಿನ ಸುಖವನ್ನು ನನ್ನ ಮಗು ಉಂಡಿದೆ. ಆದರೆ ಮರುದಿನ ಹುಟ್ಟಿದ ಮಗುವೂ ಚಳಿಗೆ ಅತ್ತಿತ್ತು. ಆ ಬಿಗಿದ ಮುಖದವಳು ಎಲ್ಲ ದಿನ ಹುಟ್ಟಿದವರಿಗೂ ಬಟ್ಟೆ ಕೊಡುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೊಡದಿದ್ದರೆ ಕೇಳಬಹುದು ಎನ್ನುತ್ತೀಯ ನೀನು. ಹಾಗಿದ್ದರೆ ಗುರುತು ಇದ್ದಲ್ಲೇ ಇರಲಿ. ಇನ್ನೊಂದು ಸಲ ಹಾಕು ಎಂದು ಯಾರಾದರೂ ಚೀಟಿ ಕೊಟ್ಟರೆ, ಮೊದಲು ಒಂದಿಷ್ಟು ಅತ್ತು, ಅಲ್ಲೇ ಹಾಕುತ್ತೇನೆ ಎಂದು ಕಾಣುತ್ತದೆ. ಖಂಡಿತ ಹೇಳಲಾರೆ.

ಸೂಜಿ ಕೆಳಗಿಡು ಎಂದು ನೀನು ಬರೆದದ್ದು ತಡವಾಯಿತು. ಅಂಗಿ, ಸುತ್ತುಬಟ್ಟೆ, ಹೊದಿಕೆ ಎಲ್ಲ ಬಿಡಿಸಿ ಆಗಿತ್ತು. ಕುಲಾವಿ ಮಾತ್ರ ಉಳಿದಿತ್ತು, ಅದನ್ನು ಹಾಗೇ ಬಿಟ್ಟೆ. ಬಿಡಿಸಿದ ಕಡೆ ಸೂಜಿಯ ತೂತುಗಳು ಕಿರೀಟದ ಆಕಾರದಲ್ಲೇ ಉಳಿದಿವೆ. ಒದ್ದೆ ಮಾಡಿ ಇಸ್ತ್ರಿ ಒತ್ತಿದೆ, ಹೋಗಲಿಲ್ಲ. ನಾಲ್ಕಾರು ಸಲ ಒಗೆದರೆ ಎಳೆಗಳು ತಾವೇ ಕೂಡಿಕೊಳ್ಳುತ್ತವೆ, ಆತುರ ಮಾಡಬೇಡಿ. ಗಂಟು ಸಬಾತೊನ ಕೈಯಲ್ಲಿ ಬರುತ್ತದೆ. ರೈಲಿನಲ್ಲಿ ಅದನ್ನು ತಲೆದಿಂಬು ಮಾಡಿಕೊಳ್ಳಬಾರದು ಎಂದು ಆಣೆ ಹಾಕಿಸಿದ್ದೇನೆ.

ನಿನ್ನ ಎರಡೂ ಕೈ ಇವೆ ತಾನೇ?

ಅಕ್ಕ


ಟ್ಯೂರಿನ್
1946, ಜುಲೈ 19

ಅಕ್ಕ,

ಎರಡೂ ಕೈ ಇವೆ, ಎರಡೂ ತುಂಬಿವೆ. ಮಂಗಳವಾರ ಹೆಣ್ಣು ಮಗು ಹುಟ್ಟಿತು. ದೆಲ್ಫೀನಾ ಕ್ಷೇಮ. ತಣ್ಣನೆ ಕಲ್ಲಿನ ಮೇಲೆ ಕೂತಿಲ್ಲ. ಮಗುವಿಗೆ ಮಚ್ಚೆ ಇಲ್ಲ.

ಕುಲಾವಿ ಹಾಕಿದೆವು. ಕಿರೀಟ ನೇರವಾಗಿ ಹಣೆಯ ಮೇಲೆ ಬಂತು. ಕಾರ್ಖಾನೆಯ ಗೆಳೆಯರು ನೋಡಲು ಬಂದವರು, "ಏನಪ್ಪಾ, ದೇಶದಿಂದ ಓಡಿಸಿದೋರನ್ನ ತಂದು ಮನೇಲಿ ಮಲಗಿಸ್ಕೊಂಡಿದ್ದೀಯಲ್ಲ" ಎಂದು ಛೇಡಿಸಿದರು. ರೆಮೊನ ತಾಯಿಯೂ ಬಂದರು. ನಾನು ಎಲ್ಲ ಹೇಳಿದೆ. ಅವರು ಮಗುವನ್ನು ಎತ್ತಿಕೊಂಡು, ಕುಲಾವಿಯ ದಾರವನ್ನು ಬಿಚ್ಚಿ ಸ್ವಲ್ಪ ಸಡಿಲ ಮಾಡಿ ಕಟ್ಟಿದರು. "ಬಿಗಿಯಾಗಿತ್ತು, ಗಂಡಸರಿಗೆ ಗೊತ್ತಾಗಲ್ಲ" ಅಂದರು. ಅಷ್ಟರಲ್ಲಿ ನಿನ್ನ ಸೊಸೆ ಕುಲಾವಿಯ ಮೇಲೆಲ್ಲ ಹಾಲು ಕಕ್ಕಿದಳು. ತೊಳೆದು ಕಿಟಕಿಗೆ ಒಣಗಲು ಹಾಕಿದ್ದೇವೆ.

ಹೊದಿಕೆಯ ತೂತುಗಳು ಹಾಗೇ ಇವೆ. ಬೆಳಕಿಗೆ ಹಿಡಿದರೆ ಕಾಣುತ್ತವೆ. ದೆಲ್ಫೀನಾ ಅದರ ಮೇಲೆ ಹೂವು ಹೊಲಿಯುತ್ತೇನೆ ಎಂದಳು, ನಾನು ಬೇಡ ಎಂದೆ.

ಹೆಸರು ಇನ್ನೂ ಇಟ್ಟಿಲ್ಲ. ಮನಸ್ಸಿನಲ್ಲಿರುವ ಹೆಸರು ನಿನ್ನ ಮಗಳದ್ದು, ನಿನ್ನನ್ನು ಕೇಳದೆ ಇಡುವ ಹಾಗಿಲ್ಲ. ಬೇಡ ಎನ್ನಿಸಿದರೆ ಬೇಡ ಎನ್ನು. ದೀಕ್ಷಾಸ್ನಾನವನ್ನು ಅಲ್ಲೇ ಇಟ್ಟುಕೊಳ್ಳುತ್ತೇವೆ, ಮಗುವನ್ನು ಎತ್ತಿಕೊಳ್ಳುವವಳು ನೀನೇ. ಆಗಸ್ಟಿನಲ್ಲಿ ಕಾರ್ಖಾನೆ ಮುಚ್ಚುತ್ತದೆ, ಮೂವರೂ ರೈಲು ಹತ್ತುತ್ತೇವೆ. ಸಬಾತೊ ಜಾಗ ಹಿಡಿದುಕೊಡುತ್ತಾನಂತೆ.

ಮೆಟ್ಟಿಲು ಹತ್ತಿ ಬರುತ್ತೇನೆ ಅಕ್ಕ. ಪಟ ತೆಗೆಯಬೇಡ, ದೀಪಕ್ಕೆ ಎಣ್ಣೆ ಹಾಕಿಡು. ಮಗುವಿಗೆ ಅವಳ ಅಕ್ಕನನ್ನು ತೋರಿಸಬೇಕು.

ನಿನ್ನ
ಅನಿಯೆಲ್ಲೊ